ಮನೆಯ ಮುಂದಿನ ಆರಡಿ ಜಾಗ ಯಾರದು?

“ಸರ್, ರಿಟೈರ್ ಆದ ಮ್ಯಾಲ ಮನ್ಯಾಗ ಆರಾಮ ಕೂಡೋದು ಬಿಟ್ಟು ಈ ಊರ ಉಸಾಬರಿ ನಿಮಗ್ಯಾಕ ಬೇಕ್ರಿ?”

ಕಳೆದ ವಾರ ನಮ್ಮ ಓಣಿಯ ಗೃಹಸ್ಥರೊಬ್ಬರು ನನ್ನನ್ನು ಕೇಳಿದ ಪ್ರಶ್ನೆಯಿದು. ಅವರೇನೂ ಕೆಟ್ಟವರಲ್ಲ. ಹಬ್ಬ ಬಂದರೆ ನಮ್ಮ ಮನೆಗೆ ಹೋಳಿಗೆ ಕಳುಹಿಸುವವರು, ಎದುರಿಗೆ ಬಂದರೆ ಮೋಟಾರ್ ಸೈಕಲ್ ನಿಲ್ಲಿಸಿ ನಮಸ್ಕರಿಸುವವರು. ಅವರ ಮನೆಯ ಮುಂದೆ ಮೂರು ತಿಂಗಳಿನಿಂದ ಉಸುಕು, ಖಡಿ ಹಾಗೂ ಫರಸಿ ಕಲ್ಲುಗಳ ಒಟ್ಟಿಲು ಬಿದ್ದಿದೆ. ಅದನ್ನು ಸ್ವಲ್ಪ ಒಳಗೆ ಸರಿಸಿದರೆ ಶಾಲೆಗೆ ಹೋಗುವ ಮಕ್ಕಳು ನಡುರಸ್ತೆಗೆ ಇಳಿಯುವುದು ತಪ್ಪುತ್ತದೆಂದು ನಾನು ವಿನಂತಿಸಿದ್ದೆ, ಅಷ್ಟೇ. ಅದಕ್ಕೆ ದೊರೆತ ಉತ್ತರ ಮೇಲಿನದು.

ನನಗೇಕೆ ಬೇಕು ಈ ಉಸಾಬರಿ? ಉತ್ತರ ಹೇಳಬೇಕಾದರೆ ಹನ್ನೆರಡು ವರ್ಷಗಳಿಂದ ಮನಸ್ಸಿನಲ್ಲಿಟ್ಟುಕೊಂಡ ಒಂದು ಸಂಗತಿಯನ್ನು ಮೊದಲು ಹೇಳಬೇಕಾಗುತ್ತದೆ. ಇದನ್ನು ಬರೆಯುವಾಗ ಕೈ ತುಸು ಹಿಂಜರಿಯುತ್ತದೆ. ಆದರೂ ಬರೆಯುತ್ತೇನೆ.

2013ರ ಫೆಬ್ರುವರಿ. ಶಹಾಬಾದದ ನಮ್ಮ ಮನೆಯ ಮೇಲೆ ಒಂದು ಕೋಣೆ ಕಟ್ಟಿಸುತ್ತಿದ್ದೆ. ಒಂದು ಟಿಪ್ಪರ್ ಉಸುಕನ್ನು ಮನೆಯ ಮುಂದೆ ಸುರಿಸಿಕೊಂಡೆ. ಅದರ ಪಕ್ಕದಲ್ಲಿ ಕಬ್ಬಿಣದ ಸಲಾಕೆಗಳು, ಅವುಗಳ ಪಕ್ಕದಲ್ಲಿ ಇಟ್ಟಿಗೆ. ಗಟಾರದ ಅಂಚಿನಿಂದ ಡಾಂಬರಿನವರೆಗೆ, ಕಾಲಿಟ್ಟು ನಡೆಯಬಹುದಾದ ಜಾಗವನ್ನೆಲ್ಲ ಆ ಸಾಮಾನು ನುಂಗಿತ್ತು. ಹನ್ನೊಂದನೆಯ ದಿನ ಬೆಳಿಗ್ಗೆ, ವಿಶೇಷ ತರಗತಿಗೆಂದು ಬೇಗನೆ ಹೊರಟಿದ್ದ ಹತ್ತನೆಯ ತರಗತಿಯ ಒಬ್ಬ ಹುಡುಗಿ ಆ ರಾಶಿಯನ್ನು ಬಳಸಿ ರಸ್ತೆಗಿಳಿದಳು. ಹಿಂದಿನಿಂದ ಬಂದ ಮೋಟಾರ್ ಸೈಕಲ್ ಬಡಿಯಿತು. ಮೊಣಕಾಲಿನ ಕೆಳಗೆ ಎಲುಬು ಮುರಿಯಿತು. ಅವಳು ನನ್ನದೇ ವಿದ್ಯಾರ್ಥಿನಿ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯನ್ನು ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡು, ಇನ್ನೊಂದು ಬೆಂಚಿನ ಮೇಲೆ ಕಾಲು ಚಾಚಿ ಬರೆದಳು.

ಅವಳ ತಂದೆ ಫರಸಿ ಗಣಿಯಲ್ಲಿ ಕೂಲಿ ಮಾಡುವವರು. ಆಸ್ಪತ್ರೆಯಲ್ಲಿ ನಾನು ತಲೆ ತಗ್ಗಿಸಿ ನಿಂತಾಗ ಅವರು ಹೇಳಿದ್ದಿಷ್ಟು: “ನೀವೇನು ಬೇಕಂತ ಮಾಡೀರೇನ್ರಿ ಸರ್? ನಮ್ಮ ಹಣೆಬರಹ ಅದ. ಎಲ್ಲಾರ ಮನಿ ಮುಂದೂ ಇರ್ತದ, ನಿಮ್ಮದೊಂದೇ ಏನು?”

ಅವರು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಪರೀಕ್ಷೆ ಮುಗಿದು ಎಷ್ಟೋ ದಿನಗಳಾದ ಮೇಲೂ ಆ ಕೊನೆಯ ಮಾತು ನನ್ನ ಕಿವಿಯಲ್ಲಿಯೇ ಇತ್ತು. ಎಲ್ಲರ ಮನೆಯ ಮುಂದೂ ಇರುವುದು ತಪ್ಪೇ ಅಲ್ಲವೆಂದು ನಾವೆಲ್ಲರೂ ಸೇರಿ ಆ ಬಡ ಮನುಷ್ಯನಿಗೆ ಕಲಿಸಿಬಿಟ್ಟಿದ್ದೆವು. ನಾನಾದರೋ ಸಮಾಜ ವಿಜ್ಞಾನದ ಶಿಕ್ಷಕ. ಪೌರನೀತಿಯ ಪಾಠದಲ್ಲಿ, 1976ರಲ್ಲಿ ಸಂವಿಧಾನಕ್ಕೆ ಸೇರಿದ ಮೂಲಭೂತ ಕರ್ತವ್ಯಗಳನ್ನು ವರ್ಷವರ್ಷವೂ ಬಾಯಿಪಾಠ ಮಾಡಿಸಿದವನು. ಭಾರತದಾದ್ಯಂತ ಮುಕ್ತವಾಗಿ ಸಂಚರಿಸುವ ಹಕ್ಕು ಎಂದು ಕಪ್ಪುಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದವನು. ಭಾರತದಾದ್ಯಂತ ಸಂಚರಿಸುವುದು ಹಾಗಿರಲಿ, ನನ್ನ ಮನೆಯ ಮುಂದಿನ ಮೂವತ್ತು ಅಡಿಯನ್ನು ದಾಟಲು ನನ್ನ ವಿದ್ಯಾರ್ಥಿನಿಗೆ ದಾರಿಯಿರಲಿಲ್ಲ!

ಆದ್ದರಿಂದ ಓದುಗ ಮಿತ್ರರೇ, ನಾನು ಪರರಿಗೆ ಬುದ್ಧಿ ಹೇಳಲು ಬಂದ ಸಂಭಾವಿತನಲ್ಲ. ತಪ್ಪು ಮಾಡಿ, ಅದರ ಫಲವನ್ನು ಬೇರೊಬ್ಬರು ಉಣ್ಣುವುದನ್ನು ಕಂಡವನು. ಈ ಉಸಾಬರಿ ನನಗೆ ಬೇಕು.

ನಮ್ಮ ಸೀಮೆಯ ವಿಪರ್ಯಾಸವನ್ನಾದರೂ ನೋಡಿ. ಈ ನಾಡಿನ ನೆಲದ ಕೆಳಗೆ ಪದರಪದರವಾಗಿ ಮಲಗಿರುವ ಸುಣ್ಣಕಲ್ಲು ಹಲಗೆಯಂತೆ ಸೀಳಿಕೊಂಡು ಬರುತ್ತದೆ. ಅದಕ್ಕೆ ನಮ್ಮ ಊರಿನ ಹೆಸರೇ ಇದೆ, ಶಹಾಬಾದ ಕಲ್ಲು. ಮಹಾರಾಷ್ಟ್ರದಲ್ಲಿ ‘ಶಹಾಬಾದಿ ಫರಶಿ’ ಎಂದರೆ ತಿಳಿಯದವರು ವಿರಳ. ಊರೂರುಗಳ ಮನೆಗಳ ನೆಲ, ದೇವಸ್ಥಾನಗಳ ಅಂಗಳ, ಪೇಟೆಗಳ ಕಾಲುದಾರಿಗಳೆಲ್ಲ ಈ ಕಲ್ಲನ್ನು ಹಾಸಿಕೊಂಡಿವೆ. ಇನ್ನು ಸೇಡಂ, ಮಳಖೇಡ, ವಾಡಿಗಳ ಸಿಮೆಂಟು ಎಷ್ಟು ಊರುಗಳ ರಸ್ತೆ, ಸೇತುವೆಗಳಲ್ಲಿ ಸೇರಿಹೋಗಿದೆಯೋ ಲೆಕ್ಕವಿಟ್ಟವರಾರು? ಪರರ ಪಾದಗಳಿಗೆ ಕಲ್ಲು ಹಾಸಿಕೊಟ್ಟ ನಾವು ನಮ್ಮ ಮಕ್ಕಳ ಪಾದಗಳಿಗೆ ಆರಡಿ ದಾರಿ ಉಳಿಸಿಕೊಳ್ಳಲಿಲ್ಲ.

ಚಿತ್ತಾಪುರದಲ್ಲಿ ನೌಕರಿ ಮಾಡುವಾಗ ಮಕ್ಕಳನ್ನು ಸನ್ನತಿಗೆ ಪ್ರವಾಸ ಕರೆದೊಯ್ಯುತ್ತಿದ್ದೆ. ಭೀಮಾ ತೀರದ ಕನಗನಹಳ್ಳಿಯ ಬೌದ್ಧ ಸ್ತೂಪ ಸುಣ್ಣಕಲ್ಲಿನ ಹಲಗೆಗಳಿಂದಲೇ ಸಿಂಗಾರಗೊಂಡದ್ದು. ಎರಡು ಸಾವಿರ ವರ್ಷಗಳ ಹಿಂದೆ ಅದನ್ನು ಕಟ್ಟಿದವರು ಭಕ್ತರು ನಡೆದು ಸುತ್ತಲು ಪ್ರದಕ್ಷಿಣಾಪಥವನ್ನು ಮರೆಯಲಿಲ್ಲ. ಅದೇ ಸನ್ನತಿಯಲ್ಲಿ ದೊರೆತ ಅಶೋಕನ ಶಾಸನದಲ್ಲಿ, ಎಲ್ಲ ಮನುಷ್ಯರೂ ತನ್ನ ಮಕ್ಕಳೆಂಬ ಭಾವವಿದೆ. ಇದನ್ನೆಲ್ಲ ಮಕ್ಕಳಿಗೆ ವಿವರಿಸಿ ಊರಿಗೆ ಮರಳಿ, ಬಸ್ಸಿನಿಂದಿಳಿದ ಕೂಡಲೇ ಅದೇ ಮಕ್ಕಳು ಟಂಟಂ, ಲಾರಿಗಳ ನಡುವೆ ಪ್ರಾಣ ಕೈಯಲ್ಲಿ ಹಿಡಿದು ಮನೆಗೆ ನಡೆಯುತ್ತಿದ್ದರು.

ನನ್ನ ಮೊದಲ ನೌಕರಿ 1984ರಲ್ಲಿ ಚಿಂಚೋಳಿ ತಾಲ್ಲೂಕಿನಲ್ಲಿ. ಕಾಡಿನಂಚಿನ ತಾಂಡಾಗಳಿಂದ ಮಕ್ಕಳು ಹರದಾರಿಗಟ್ಟಲೆ ನಡೆದು ಶಾಲೆಗೆ ಬರುತ್ತಿದ್ದರು. ಕಾಲ್ತುಳಿತದಿಂದಲೇ ಆದ ಒಂದು ಕಿರುದಾರಿ. ಅದರ ಮೇಲೆ ಮುಳ್ಳಿನ ಕೊಂಬೆ ಬಿದ್ದಿದ್ದರೆ ಮುಂದೆ ನಡೆಯುವ ಹುಡುಗ ಎತ್ತಿ ಬದಿಗೆಸೆಯುತ್ತಿದ್ದ, ಹಿಂದಿನವರಿಗೆ ಚುಚ್ಚಬಾರದೆಂದು. ಅವನಿಗೆ ಯಾರೂ ಪೌರನೀತಿ ಕಲಿಸಿರಲಿಲ್ಲ. ಕಾಡಿನ ದಾರಿಯಲ್ಲಿದ್ದ ಆ ಬುದ್ಧಿ ಪಟ್ಟಣದ ದಾರಿಯಲ್ಲಿ ನಮಗೇಕೆ ಕೈಕೊಡುತ್ತದೆ?

ಈ ಪ್ರಶ್ನೆಗೆ ಉತ್ತರದ ಒಂದು ತುಣುಕು ನನಗೆ ಸಿಕ್ಕಿದ್ದು ಬಹು ದೂರದಲ್ಲಿ. ನಿವೃತ್ತನಾದ ಮರುವರ್ಷ, 2018ರ ಜನವರಿಯಲ್ಲಿ, ನಾನೂ ನನ್ನ ಪತ್ನಿಯೂ ನ್ಯೂಯಾರ್ಕಿನ ಕ್ವೀನ್ಸ್ ಎಂಬಲ್ಲಿದ್ದ ಮಗನ ಮನೆಗೆ ಹೋಗಿದ್ದೆವು. ಒಂದು ದಿನ ಹಿಮಬಿರುಗಾಳಿ ಬೀಸಿ ಗೇಣುದ್ದ ಹಿಮ ಬಿತ್ತು. ಕಲಬುರಗಿಯ ಬೇಸಿಗೆಯಲ್ಲಿ ಬೆಂದ ದೇಹ ನನ್ನದು. ಕಿಟಕಿಯ ಬಳಿ ಕಂಬಳಿ ಹೊದ್ದು ಕುಳಿತು ನೋಡುತ್ತಿದ್ದೆ. ಹಿಮ ನಿಂತದ್ದೇ ತಡ, ಸಾಲುಮನೆಗಳ ಬಾಗಿಲುಗಳು ಒಂದೊಂದಾಗಿ ತೆರೆದವು. ನನಗಿಂತ ಹಿರಿಯಳಾದ ಒಬ್ಬ ಅಜ್ಜಿಯೂ ಸಲಿಕೆ ಹಿಡಿದು ಹೊರಬಂದು ತನ್ನ ಮನೆಯ ಮುಂದಿನ ಕಾಲುದಾರಿಯ ಹಿಮವನ್ನು ಎತ್ತತೊಡಗಿದಳು. ತನ್ನ ಮೆಟ್ಟಿಲ ಮೇಲಿನದನ್ನಲ್ಲ, ಬೀದಿಯ ಕಾಲುದಾರಿಯದನ್ನು!

“ಅದನ್ನು ಸರಕಾರದವರು ತೆಗೆಯುವುದಿಲ್ಲವೇನಪ್ಪಾ?” ಎಂದು ಮಗನನ್ನು ಕೇಳಿದೆ. “ರಸ್ತೆಯದನ್ನು ತೆಗೀತಾರಪ್ಪ. ಕಾಲುದಾರಿಯದು ಆಯಾ ಮನೆಯವರದ್ದು. ತೆಗೀದಿದ್ರೆ ದಂಡ ಹಾಕ್ತಾರೆ,” ಎಂದ. ಅಲ್ಲಿನ ನಿಯಮವನ್ನು ಕೇಳಿ ತಿಳಿದುಕೊಂಡೆ. ಬೆಳಿಗ್ಗೆ 7ರಿಂದ ಸಂಜೆ 5ರೊಳಗೆ ಹಿಮ ನಿಂತರೆ 4 ಗಂಟೆಗಳೊಳಗೆ ದಾರಿ ತೆರವಾಗಬೇಕು. ಸಂಜೆ 5ರಿಂದ ರಾತ್ರಿ 9ರೊಳಗೆ ನಿಂತರೆ 14 ಗಂಟೆಗಳೊಳಗೆ. 9ರ ನಂತರವಾದರೆ ಮರುದಿನ ಬೆಳಿಗ್ಗೆ 11ರೊಳಗೆ. ಎತ್ತಿದ ಹಿಮವನ್ನು ರಸ್ತೆಗೆ ನೂಕುವಂತೆಯೂ ಇಲ್ಲ.

ಪರದೇಶವನ್ನು ಹೊಗಳಿ ಸ್ವದೇಶವನ್ನು ತೆಗಳುವ ಚಾಳಿ ನನ್ನದಲ್ಲ. ಅವರೂ ದೇವತೆಗಳೇನಲ್ಲ, ದಂಡಕ್ಕೆ ಅಂಜಿಯೇ ಎಷ್ಟೋ ಜನ ಸಲಿಕೆ ಹಿಡಿಯುತ್ತಾರೆ. ಆದರೆ ಕಿಟಕಿಯ ಬಳಿ ಕುಳಿತಿದ್ದ ನನ್ನನ್ನು ಒಂದು ವಿಚಾರ ಬಿಡದೆ ಕಾಡಿತು. ಹಿಮವನ್ನು ಆಕಾಶ ಸುರಿಸುತ್ತದೆ. ಅದರಲ್ಲಿ ಆ ಅಜ್ಜಿಯ ತಪ್ಪೇನೂ ಇಲ್ಲ. ಆದರೂ ಯಾರೋ ಅಪರಿಚಿತನು ಜಾರಿ ಬೀಳಬಾರದೆಂದು ಅದನ್ನು ಎತ್ತುವ ಹೊಣೆ ಆಕೆಯದು. ನಮ್ಮಲ್ಲಿ ಆಕಾಶ ಏನನ್ನೂ ಸುರಿಸುವುದಿಲ್ಲ. ಉಸುಕಿನ ರಾಶಿ, ಖಡಿ, ಫರಸಿಯ ಚೂರು, ಅಡ್ಡಾದಿಡ್ಡಿ ನಿಂತ ಮೋಟಾರ್ ಸೈಕಲ್ಲು, ಬೀದಿಗೆ ಚಾಚಿದ ಮೆಟ್ಟಿಲು, ಅಂಗಡಿಯ ಮುಂದಕ್ಕೆ ಬೆಳೆದ ತಗಡಿನ ಚಪ್ಪರ, ಕಲ್ಲು ಕೊಯ್ಯುವ ಯಂತ್ರದಿಂದ ಹರಿದು ಬಂದು ಮಳೆಗಾಲದಲ್ಲಿ ಹಿಮದಂತೆಯೇ ಜಾರುವ ಬಿಳಿ ರಾಡಿ, ಎಲ್ಲವೂ ನಾವೇ ಕೈಯಾರೆ ಸುರಿದದ್ದು. ಆಕಾಶದ ಹಿಮ ಬಿಸಿಲು ಬಂದರೆ ತಾನಾಗಿ ಕರಗುತ್ತದೆ. ನಮ್ಮದು ಕಲಬುರಗಿಯ ಮೇ ತಿಂಗಳ ಬಿಸಿಲಿಗೂ ಕರಗುವುದಿಲ್ಲ.

ಈ ಮಾತನ್ನು ನಮ್ಮೂರಿನಲ್ಲಿ ಎತ್ತಿದಾಗಲೆಲ್ಲ ಕೆಲವು ಸಿದ್ಧ ಉತ್ತರಗಳು ಬರುತ್ತವೆ. ಒಂದೊಂದನ್ನೂ ಪರೀಕ್ಷಿಸೋಣ.

ಮೊದಲನೆಯದು: “ನಮ್ಮ ಮನಿ ಮುಂದಿನ ಜಾಗ ನಮ್ಮದು.” ದಯವಿಟ್ಟು ನಿಮ್ಮ ಮನೆಯ ಕಾಗದಪತ್ರಗಳನ್ನು ಟ್ರಂಕಿನಿಂದ ಹೊರತೆಗೆಯಿರಿ. ಚಕ್ಕುಬಂದಿಯಲ್ಲಿ ಒಂದು ದಿಕ್ಕಿಗೆ ‘ರಸ್ತೆ’ ಎಂದು ಬರೆದಿರುತ್ತದೆ. ನಿಮ್ಮ ಒಡೆತನ ಆ ಶಬ್ದದ ಹೊಸ್ತಿಲಲ್ಲಿ ನಿಲ್ಲುತ್ತದೆ. ಅದರಾಚೆಗಿರುವುದು ನಿಮ್ಮದೂ ಹೌದು, ನನ್ನದೂ ಹೌದು, ವಾಡಿ ಜಂಕ್ಷನ್ನಿನಲ್ಲಿ ರೈಲಿಳಿದು ತಲೆಯ ಮೇಲೆ ಗಂಟು ಹೊತ್ತು ನಡೆಯುವ ಅಪರಿಚಿತ ಕೂಲಿಯವನದೂ ಹೌದು.

ಎರಡನೆಯದು: “ಇದು ಪುರಸಭೆಯವರ ಕೆಲಸ.” ಕಾಲುದಾರಿ ಕಟ್ಟುವುದು, ಗಟಾರ ಮುಚ್ಚುವುದು, ಅತಿಕ್ರಮಣ ತೆಗೆಸುವುದು ನಿಸ್ಸಂದೇಹವಾಗಿ ಅವರ ಕೆಲಸವೇ. ಬೀದಿಯ ಅಡೆತಡೆಗಳನ್ನು ತೆಗೆಸುವ ಅಧಿಕಾರವನ್ನು 1964ರ ಕರ್ನಾಟಕ ಪುರಸಭೆಗಳ ಅಧಿನಿಯಮ ಕೊಟ್ಟಿದೆ. 2025ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಅಭಯ್ ಎಸ್. ಓಕಾ ಹಾಗೂ ನ್ಯಾಯಮೂರ್ತಿ ಉಜ್ಜಲ್ ಭುಯಾನ್ ಅವರ ಪೀಠವು, ಅಡೆತಡೆಯಿಲ್ಲದ ಕಾಲುದಾರಿಯ ಹಕ್ಕು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನಲ್ಲಿಯೇ ಅಡಕವಾಗಿದೆ ಎಂದು ಹೇಳಿತು. ಇದಾದ ಮೇಲೆ ಯಾವ ಆಡಳಿತವೂ ನುಣುಚಿಕೊಳ್ಳುವಂತಿಲ್ಲ, ನಾನು ಅವರನ್ನು ಬಿಟ್ಟುಕೊಡುವುದೂ ಇಲ್ಲ. ಆದರೆ ಸ್ವಾಮಿ, ನಿಮ್ಮ ಮನೆಯ ಮುಂದಿನ ಉಸುಕನ್ನು ಪುರಸಭೆಯವರು ಸುರಿದರೇ? ಸುರಿಸಿಕೊಳ್ಳುವಾಗ ಯಾರನ್ನೂ ಕೇಳದವರು ತೆಗೆಯುವಾಗ ಮಾತ್ರ ಆಡಳಿತವನ್ನು ನೆನೆಯುವುದು ಯಾವ ನ್ಯಾಯ?

ಮೂರನೆಯದು: “ನಾಲ್ಕು ದಿನದ್ದಷ್ಟೇ ರೀ ಸರ್, ಆಮ್ಯಾಲ ತೆಗೀತೀವಿ.” ನನ್ನ ಉಸುಕು ಬಿದ್ದದ್ದೂ ಹನ್ನೊಂದು ದಿನ ಮಾತ್ರ. ಎಲುಬು ಮುರಿಯಲು ಅಷ್ಟೂ ದಿನ ಬೇಕಾಗಲಿಲ್ಲ. ಅಂದಿನ ಭಾರತೀಯ ದಂಡ ಸಂಹಿತೆಯ 283ನೆಯ ಕಲಮಿನ ಪ್ರಕಾರ ಸಾರ್ವಜನಿಕ ದಾರಿಗೆ ಅಡ್ಡಿಪಡಿಸಿದ ತಪ್ಪಿಗೆ ಗರಿಷ್ಠ ದಂಡ 200 ರೂಪಾಯಿ. ಅದನ್ನೂ ಯಾರೂ ನನ್ನಿಂದ ವಸೂಲು ಮಾಡಲಿಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 285ನೆಯ ಕಲಮು ಆ ದಂಡವನ್ನು 5,000 ರೂಪಾಯಿಯವರೆಗೆ ಏರಿಸಿದೆ. ಹಾಕುವ ಕೈಯೊಂದು ಬೇಕಾಗಿದೆ.

ನಾಲ್ಕನೆಯದು: “ಈಗ ನಡೆಯುವವರು ಯಾರಿದ್ದಾರೆ? ಎಲ್ಲರ ಮನೆಯಲ್ಲೂ ಗಾಡಿ.” ಗಾಡಿಯ ಮೇಲೆ ಕುಳಿತವರಿಗೆ ಹಾಗೆ ಕಾಣುವುದು ಸಹಜ. ಕೆಳಗಿಳಿದು ನೋಡಿ. ಶಾಲೆಯ ಮಕ್ಕಳು, ಕೂಲಿಯ ಹೆಣ್ಣುಮಕ್ಕಳು, ಬಸುರಿಯರು, ಕೋಲೂರುವ ಮುದುಕರು, ಅಂಧರು… ಗಾಡಿಯ ಕೀಲಿ ಯಾರ ಕೈಗೆ ಬರುವುದಿಲ್ಲವೋ ಅವರೆಲ್ಲ ನಡೆಯುತ್ತಾರೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಮಂದಿ ಕಾಲ್ನಡಿಗೆಯವರು. ಕೇಂದ್ರ ಸಾರಿಗೆ ಸಚಿವಾಲಯವೇ ಕೊಟ್ಟ ಲೆಕ್ಕವಿದು. ದಿನವೊಂದಕ್ಕೆ ಸುಮಾರು ತೊಂಬತ್ತು ಜನ. ಎರಡು ತರಗತಿಗಳ ಹಾಜರಿ ಪುಸ್ತಕ ಪ್ರತಿದಿನ ಖಾಲಿಯಾದಂತೆ.

ಐದನೆಯದು ಸ್ವಲ್ಪ ಕಠಿಣವಾದದ್ದು: “ದಾರಿ ತೆರವು ಮಾಡಿಸಿದರೆ ಕಾಯಿಪಲ್ಯ ಮಾರುವ ಬಡವರ ಹೊಟ್ಟೆಗೆ ಹೊಡೆದಂತಾಗುತ್ತದೆ.” ಈ ಕಾಳಜಿ ಪ್ರಾಮಾಣಿಕವಾದುದಾದರೆ ಅದಕ್ಕೆ ನನ್ನ ನಮಸ್ಕಾರ. ಬೀದಿ ವ್ಯಾಪಾರಿಗಳ ಜೀವನೋಪಾಯವನ್ನು ರಕ್ಷಿಸಲೆಂದೇ 2014ರಲ್ಲಿ ಕಾಯಿದೆ ಬಂದಿದೆ. ಪಟ್ಟಣ ವ್ಯಾಪಾರ ಸಮಿತಿಯೊಡನೆ ಕೂಡಿ ಅವರಿಗೆ ಜಾಗ ಗೊತ್ತುಮಾಡಿಕೊಡಬೇಕೆಂದು ಅದು ಹೇಳುತ್ತದೆ. ಅದನ್ನು ನಿಷ್ಠೆಯಿಂದ ಜಾರಿಗೆ ತನ್ನಿ. ಆದರೆ ಬುಟ್ಟಿಯ ಮುದುಕಿ ಸಂಜೆಗೆ ತನ್ನ ಬುಟ್ಟಿ ಹೊತ್ತು ಹೋಗುತ್ತಾಳೆ, ಕಾಂಕ್ರೀಟಿನ ಕಟ್ಟೆ ಹೋಗುವುದಿಲ್ಲ. ತೆರವಿನ ಕಾರ್ಯಾಚರಣೆ ನಡೆದಾಗಲೆಲ್ಲ ಮೊದಲು ಉರುಳುವುದು ಆಕೆಯ ಬುಟ್ಟಿ, ಕೊನೆಯವರೆಗೂ ಉಳಿಯುವುದು ನಮ್ಮಂಥವರ ಮೆಟ್ಟಿಲು! ಬಡವರ ಹೆಸರನ್ನು ಗುರಾಣಿಯಂತೆ ಹಿಡಿದು ನಮ್ಮ ಕಟ್ಟೆಯನ್ನು ಉಳಿಸಿಕೊಳ್ಳುವುದು ಬೇಡ.

ಹಾಗಾದರೆ ಏನು ಮಾಡಬೇಕು? ನಾನು ಕೇಳುತ್ತಿರುವುದು ದೊಡ್ಡ ಕ್ರಾಂತಿಯನ್ನಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯ ಪ್ರಕಾರ ಕಾಲುದಾರಿಯಲ್ಲಿ ಕನಿಷ್ಠ 1.8 ಮೀಟರ್, ಅಂದರೆ ಸುಮಾರು ಆರು ಅಡಿ ಅಗಲ, ಅಡೆತಡೆಯಿಲ್ಲದೆ ಇರಬೇಕು. ಹೊಸ ಬಡಾವಣೆಗಳಲ್ಲಿ ಇದನ್ನು ಹಟ ಹಿಡಿದು ಕೇಳೋಣ. ಹಳೆಯ ಓಣಿಗಳಲ್ಲಿ ಆರು ಅಡಿ ಸಿಗದಿದ್ದರೆ ಮೂರಾದರೂ ಉಳಿಯಲಿ. ಕಟ್ಟಡದ ಸಾಮಾನನ್ನು ಕಂಪೌಂಡಿನ ಒಳಗೆ ಇಳಿಸಿಕೊಳ್ಳೋಣ. ಒಳಗೆ ಜಾಗವೇ ಇಲ್ಲದವರು ಆಯಾ ದಿನಕ್ಕೆ ಬೇಕಾದಷ್ಟೇ ತರಿಸಿಕೊಳ್ಳಲಿ, ನಡೆಯುವವರಿಗೆ ಒಂದಿಷ್ಟು ಅಂಚು ಬಿಡಲಿ, ರಾತ್ರಿ ಅಲ್ಲೊಂದು ದೀಪ ಇಡಲಿ. ಗಟಾರದ ಮೇಲೆ ಫರಸಿ ಹಾಕುವಾಗ ಪಕ್ಕದ ಮನೆಯ ಫರಸಿಗೆ ಸಮನಾಗಿ ಕೂಡಿಸಲಿ. ಒಬ್ಬರದು ಮೊಣಕಾಲೆತ್ತರ, ಇನ್ನೊಬ್ಬರದು ಪಾತಾಳವಾದರೆ ಮುದುಕರು ಹತ್ತುವುದೆಲ್ಲಿ, ಇಳಿಯುವುದೆಲ್ಲಿ? ಕಟ್ಟಡಕ್ಕೆ ಪರವಾನಿಗೆ ಕೊಡುವಾಗಲೇ ಪುರಸಭೆಯವರು ಈ ಷರತ್ತನ್ನು ಬರೆಸಿಕೊಂಡು, ಪಾಲಿಸದವರಿಗೆ ದೊಡ್ಡವರು ಸಣ್ಣವರೆನ್ನದೆ ದಂಡ ಹಾಕಲಿ.

ನಮ್ಮ ಹೆಣ್ಣುಮಕ್ಕಳು ದಿನವೂ ನಸುಕಿನಲ್ಲೆದ್ದು ಮನೆಯ ಮುಂದೆ ಕಸ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಹಾಕುತ್ತಾರೆ. ಮನೆಯ ಮುಂದಿನ ನೆಲ ಮನೆಯವರ ಹೊಣೆಯೆಂಬ ತಿಳಿವಳಿಕೆ ನಮಗೆ ನ್ಯೂಯಾರ್ಕಿನಿಂದ ಬರಬೇಕಾಗಿಲ್ಲ. ಅದು ನಮ್ಮ ಹೊಸ್ತಿಲಲ್ಲಿಯೇ ಇದೆ. ಆಕೆ ರಂಗೋಲಿ ಹಾಕಿ ಒಳಗೆ ಹೋದ ಮೇಲೆ ಅದೇ ರಂಗೋಲಿಯ ಮೇಲೆ ಮೋಟಾರ್ ಸೈಕಲ್ ನಿಲ್ಲಿಸುವವರು ಯಾರೆಂಬುದನ್ನು ಗಂಡಸರಾದ ನಾವು ಯೋಚಿಸಬೇಕು.

ಪರೋಪದೇಶ ಸುಲಭ. ಆದ್ದರಿಂದ ಒಂದು ಮಾತು ಹೇಳಿ ಮುಗಿಸುತ್ತೇನೆ. ನ್ಯೂಯಾರ್ಕಿನಿಂದ ಮರಳಿದ ಮೇಲೆ ಅಳತೆಯ ಪಟ್ಟಿ ಹಿಡಿದು ನನ್ನ ಮನೆಯ ಮುಂದೆ ಅಳೆದೆ. ನಮ್ಮ ಮೆಟ್ಟಿಲುಗಳು ಬೀದಿಗೆ ಎರಡೂವರೆ ಅಡಿ ಚಾಚಿದ್ದವು. ಗೌಂಡಿಯನ್ನು ಕರೆಸಿ ಒಡೆಸಿ, ಗೇಟಿನ ಒಳಭಾಗದಿಂದ ಹೊಸ ಮೆಟ್ಟಿಲು ಕಟ್ಟಿಸಿದೆ. ಖರ್ಚು ನನ್ನ ಪಿಂಚಣಿಯ ಅರ್ಧ ತಿಂಗಳಿನದೂ ಆಗಲಿಲ್ಲ. “ಸರ್‌ಗೆ ಅಮೇರಿಕಾದ ಹುಚ್ಚು ಹಿಡಿದದ” ಎಂದು ಓಣಿಯವರು ನಕ್ಕರು. ನಗಲಿ. ಅದಾದ ಮೇಲೆ ಎದುರುಮನೆಯವರು ತಮ್ಮ ಮೋಟಾರ್ ಸೈಕಲ್ಲನ್ನು ಒಳಗೆ ನಿಲ್ಲಿಸತೊಡಗಿದರು. ಕಾರಣ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆ ಹುಡುಗಿ ಈಗ ಒಂದು ಮಗುವಿನ ತಾಯಿ. ಮಳೆಗಾಲದಲ್ಲಿ ಕಾಲು ನೋಯುತ್ತದಂತೆ. ತವರಿಗೆ ಬಂದಾಗ ನಮ್ಮ ಮನೆಯ ಮುಂದೆ ಹಾದುಹೋಗುತ್ತಾಳೆ. “ನಮಸ್ಕಾರ ಸರ್” ಎನ್ನುತ್ತಾಳೆ. ಕಳೆದ ತಿಂಗಳು ಬಂದಾಗ ಮಗುವಿನ ಕೈ ಹಿಡಿದು ನಡೆಸಿಕೊಂಡು ಬರುತ್ತಿದ್ದಳು. ನಮ್ಮ ಗೇಟಿನ ಮುಂದೆ ಆ ಮಗು ಅಂಚಿನಲ್ಲಿಯೇ ನಡೆಯಿತು. ನಾಲ್ಕು ಮನೆ ದಾಟುವಷ್ಟರಲ್ಲಿ, ಲೇಖನದ ಮೊದಲಿಗೆ ಹೇಳಿದ ಆ ಉಸುಕಿನ ರಾಶಿ ಬಂತು. ತಾಯಿ ಮಗುವನ್ನು ಎತ್ತಿಕೊಂಡು, ಒಮ್ಮೆ ಹಿಂದೆ ತಿರುಗಿ ನೋಡಿ, ರಸ್ತೆಗಿಳಿದಳು.

ನಾಳೆ ಬೆಳಿಗ್ಗೆ ನಾನು ಮತ್ತೆ ಆ ಗೃಹಸ್ಥರ ಬಾಗಿಲಿಗೆ ಹೋಗುತ್ತೇನೆ, ಬೇಕಾದರೆ ನನ್ನದೇ ಸಲಿಕೆಯನ್ನು ತೆಗೆದುಕೊಂಡು. ಅಷ್ಟರೊಳಗೆ ನೀವೂ ನಿಮ್ಮ ಬಾಗಿಲು ತೆರೆದು, ಮನೆಯ ಮುಂದೆ ಏನು ಬಿದ್ದಿದೆಯೆಂದು ಒಮ್ಮೆ ನೋಡುವಿರಾ?